ಅಂಗಡಿಯ ಲೆಕ್ಕವೂ ಗಣಕಯಂತ್ರವೂ

ದೀಪಾವಳಿಯ ಅಮಾವಾಸ್ಯೆಯ ಸಂಜೆ ನಮ್ಮ ಸೋದರಮಾವನವರ ದಿನಸಿ ಅಂಗಡಿಯಲ್ಲಿ ಲಕ್ಷ್ಮೀಪೂಜೆಗೆ ಇಡತಕ್ಕ ವಸ್ತುಗಳು ಮೂರು ತಲೆಮಾರಿನಿಂದ ಅವೇ ಆಗಿದ್ದುವು: ತಕ್ಕಡಿ, ಗಲ್ಲಾಪೆಟ್ಟಿಗೆ, ಕೆಂಪು ಬಟ್ಟೆಯ ರಟ್ಟು ಹಾಕಿದ ಹೊಸ ಖಿರ್ದಿ ಪುಸ್ತಕ, ಅದರ ಮೊದಲ ಪುಟದ ನೆತ್ತಿಯಲ್ಲಿ ಅರಿಶಿನದಿಂದ ಬರೆದ ಶ್ರೀಕಾರ. ಕೆಲವು ವರ್ಷಗಳ ಹಿಂದೆ ಆ ಸಾಲಿನಲ್ಲಿ ಬಿಲ್ಲು ಬರೆಯುವ ಗಣಕಯಂತ್ರವೂ ಬಂದು ಕುಳಿತಿತು. ಮಾವನವರು ಅದಕ್ಕೂ ಕುಂಕುಮವಿಟ್ಟು, ಆರತಿ ಮುಗಿಸಿ, ಬಂದವರೆಲ್ಲ ಪ್ರಸಾದ ತೆಗೆದುಕೊಂಡು ಹೋದ ಮೇಲೆ ನನ್ನನ್ನು ಹತ್ತಿರ ಕೂರಿಸಿಕೊಂಡು ಕೇಳಿದರು: “ನೀನು ಓದಿದವನು, ಹೇಳಪ್ಪಾ. ಇದಕ್ಕೆ ಹಾಕಿದ ದುಡ್ಡು ಹುಟ್ಟುತ್ತದೆಯೋ?” ಆ ಸಂಜೆ ನಾನು ಕೊಟ್ಟ ಉತ್ತರ ಸಾಲದಾಗಿತ್ತು. ಅನಂತರ ಓದಿ, ಕೇಳಿ, ಆ ಅಂಗಡಿಯ ಲೆಕ್ಕವನ್ನೇ ಮುಂದಿಟ್ಟುಕೊಂಡು ನೋಡಿ ತಿಳಿದುಕೊಂಡದ್ದನ್ನು, ಅದೇ ಪ್ರಶ್ನೆಯನ್ನು ತಮ್ಮೊಳಗೆ ಕೇಳಿಕೊಳ್ಳುತ್ತಿರುವ ಇತರ ಅಂಗಡಿಕಾರರಿಗೂ, ಸಣ್ಣ ಕಾರ್ಖಾನೆಯವರಿಗೂ, ಹೊಲಿಗೆ, ಬಡಗಿತನ, ಬೇಕರಿಗಳನ್ನು ನಡೆಸುವವರಿಗೂ ಪ್ರಯೋಜನವಾಗಲೆಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಹಳೆಯ ಕಥೆಯನ್ನು ನೆನೆಯಬೇಕು. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ಹುಟ್ಟಿದ ವಿದ್ಯುಚ್ಛಕ್ತಿ ನೂರಕ್ಕೂ ಹೆಚ್ಚು ಕಿಲೋಮೀಟರ್ ತಂತಿಯ ಮೇಲೆ ಹರಿದು ಕೋಲಾರದ ಚಿನ್ನದ ಗಣಿಗಳನ್ನು ಸೇರಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹೊತ್ತಿತು. ವಿದ್ಯುತ್ತು ಬಂದ ದಿನವೇ ಸಂಪತ್ತೂ ಬಂದಿತೆಂದು ಈಗ ನಮಗೆ ತೋರುವುದು ಸಹಜ. ಆದರೆ ಚರಿತ್ರೆ ಹಾಗೆ ಹೇಳುವುದಿಲ್ಲ. ಎಡಿಸನ್ನನು ನ್ಯೂಯಾರ್ಕಿನ ಪರ್ಲ್ ಬೀದಿಯಲ್ಲಿ ವಿದ್ಯುದಾಗಾರವನ್ನು ಸ್ಥಾಪಿಸಿದ್ದು 1882ರಲ್ಲಿ. ಅಮೆರಿಕದ ಕಾರ್ಖಾನೆಗಳಿಗೆ ಅದರ ಫಲ ಕೈಹತ್ತಿದ್ದು 1920ರ ದಶಕದಲ್ಲಿ. ನಡುವಣ ನಾಲ್ಕು ದಶಕಗಳ ವಿಳಂಬಕ್ಕೆ ಕಾರಣವೇನೆಂಬುದನ್ನು ಪಾಲ್ ಡೇವಿಡ್ ಎಂಬ ಅರ್ಥಶಾಸ್ತ್ರಜ್ಞರು 1990ರಲ್ಲಿ ಒಂದು ಪ್ರಬಂಧದಲ್ಲಿ ಬಿಡಿಸಿ ತೋರಿಸಿದ್ದಾರೆ. ಹಬೆಯಂತ್ರದ ಕಾಲದ ಕಾರ್ಖಾನೆಯಲ್ಲಿ ಒಂದೇ ದೊಡ್ಡ ಯಂತ್ರವು ಚಾವಣಿಯ ಕೆಳಗಿನ ಒಂದು ಉದ್ದನೆಯ ಲೋಹದಂಡವನ್ನು ತಿರುಗಿಸುತ್ತಿತ್ತು, ಆ ದಂಡದಿಂದ ಇಳಿದ ಚರ್ಮದ ಪಟ್ಟಿಗಳು ಒಂದೊಂದು ಯಂತ್ರವನ್ನೂ ನಡೆಸುತ್ತಿದ್ದುವು. ವಿದ್ಯುತ್ತು ಬಂದಾಗ ಮಾಲೀಕರು ಹಬೆಯಂತ್ರವನ್ನು ತೆಗೆದು ಅದೇ ಜಾಗದಲ್ಲಿ ದೊಡ್ಡದೊಂದು ಮೋಟಾರನ್ನು ಇಟ್ಟು, ದಂಡವನ್ನೂ ಪಟ್ಟಿಗಳನ್ನೂ ಇದ್ದ ಹಾಗೆಯೇ ಬಿಟ್ಟರು. ಪ್ರತಿಯೊಂದು ಯಂತ್ರಕ್ಕೂ ಅದರದೇ ಆದ ಸಣ್ಣ ಮೋಟಾರನ್ನು ಕೊಟ್ಟು, ಕೆಲಸ ಸಾಗುವ ಕ್ರಮಕ್ಕೆ ತಕ್ಕಂತೆ ಕಾರ್ಖಾನೆಯ ನೆಲವನ್ನೇ ಹೊಸದಾಗಿ ಜೋಡಿಸಿದ ಮೇಲಷ್ಟೇ ಖರ್ಚು ಇಳಿದು ಉತ್ಪತ್ತಿ ಏರಿತು. ರಾಬರ್ಟ್ ಸೋಲೋ ಎಂಬ ಅರ್ಥಶಾಸ್ತ್ರಜ್ಞರು, ತಮಗೆ ನೊಬೆಲ್ ಪ್ರಶಸ್ತಿ ಬಂದ 1987ರಲ್ಲಿಯೇ, ಎಲ್ಲ ಕಡೆಯೂ ಕಾಣುತ್ತಿರುವ ಗಣಕಗಳ ಫಲವು ಉತ್ಪಾದಕತೆಯ ಅಂಕಿಗಳಲ್ಲಿ ಮಾತ್ರ ಏಕೆ ಕಾಣದೆಂದು ಅಚ್ಚರಿಪಟ್ಟಿದ್ದರು. ಆ ಅಚ್ಚರಿಗೆ ಡೇವಿಡ್ಡರ ಉತ್ತರ ಈ ಲೋಹದಂಡದ ಕಥೆಯೇ.

ನಮ್ಮ ಅಂಗಡಿಗಳಲ್ಲಿ ಈಗ ನಡೆಯುತ್ತಿರುವುದು ಬಹುಮಟ್ಟಿಗೆ ಇದೇ ಎಂದು ನನಗೆ ತೋರುತ್ತದೆ. ಬಿಲ್ಲಿನ ಪುಸ್ತಕ ಹೋಗಿ ಬಿಲ್ಲಿನ ಯಂತ್ರ ಬಂದಿದೆ; ಆದರೆ ಸರಕು ತರಿಸುವುದು ಹಳೆಯ ಅಂದಾಜಿನಲ್ಲಿಯೇ, ಉದ್ರಿ ಕೊಡುವುದು ಹಳೆಯ ದಾಕ್ಷಿಣ್ಯದಲ್ಲಿಯೇ, ಗಲ್ಲಾದಿಂದ ಮನೆಖರ್ಚಿಗೆ ಹಣ ತೆಗೆಯುವುದು ಹಳೆಯ ಸಲುಗೆಯಲ್ಲಿಯೇ. ಅಂಥ ಅಂಗಡಿಯಲ್ಲಿ ಯಂತ್ರವು ಚೀಟಿಯನ್ನು ಅಂದವಾಗಿ ಮುದ್ರಿಸಿಕೊಡುತ್ತದೆ. ಅದಕ್ಕಿಂತ ಹೆಚ್ಚಿನದನ್ನು ಅದರಿಂದ ನಿರೀಕ್ಷಿಸುವ ಹಕ್ಕು ನಮಗಿಲ್ಲ.

ಕೆಲಸದ ರೀತಿ ಬದಲಾದರೆ ಏನಾಗುತ್ತದೆಂಬುದಕ್ಕೆ ನಮ್ಮ ದೇಶದ್ದೇ ಆದ ಎರಡು ನಿದರ್ಶನಗಳನ್ನು ಹೇಳುತ್ತೇನೆ. ಮೊದಲನೆಯದು ಕಾಸರಗೋಡು, ಕಣ್ಣೂರು, ಕೋಳಿಕ್ಕೋಡು ಜಿಲ್ಲೆಗಳ ಕಡಲತೀರದ್ದು. ಅಲ್ಲಿನ ಬೂತಾಯಿ ಮೀನುಗಾರರು, ಮೊಬೈಲು ಬರುವುದಕ್ಕೆ ಮುಂಚೆ, ತಮ್ಮ ಊರಿನ ದಡಕ್ಕೇ ದೋಣಿಯನ್ನು ತಂದು, ಬಂದ ಬೆಲೆಗೆ ಮೀನನ್ನು ಮಾರುತ್ತಿದ್ದರು. ಒಂದು ದಡದಲ್ಲಿ ಕೊಳ್ಳುವವರಿಲ್ಲದೆ ಮೀನನ್ನು ಕಡಲಿಗೇ ಎಸೆಯುತ್ತಿದ್ದ ಹೊತ್ತಿನಲ್ಲಿ ಹತ್ತಿಪ್ಪತ್ತು ಕಿಲೋಮೀಟರ್ ಆಚೆಯ ದಡದಲ್ಲಿ ಕೊಳ್ಳುವವರು ಬರಿಗೈಯಲ್ಲಿ ಹಿಂದಿರುಗುತ್ತಿದ್ದರು. 1997ರಿಂದ ಈಚೆಗೆ ಆ ತೀರದಲ್ಲಿ ಮೊಬೈಲ್ ಗೋಪುರಗಳು ಒಂದೊಂದಾಗಿ ಎದ್ದುವು. ರಾಬರ್ಟ್ ಜೆನ್ಸನ್ ಎಂಬ ವಿದ್ವಾಂಸರು ಆ ವರ್ಷಗಳ ಉದ್ದಕ್ಕೂ ಬೆಲೆಗಳನ್ನು ಬರೆದಿಟ್ಟು, 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೀನುಗಾರರ ಲಾಭ ಸುಮಾರು ಶೇಕಡ 8ರಷ್ಟು ಏರಿತು, ಕೊಳ್ಳುವವರಿಗೆ ಬೆಲೆ ಸುಮಾರು ಶೇಕಡ 4ರಷ್ಟು ಇಳಿಯಿತು, ಮೀನು ಎಸೆಯುವುದು ನಿಂತೇ ಹೋಯಿತು. ಮಾರುವವನಿಗೂ ಕೊಳ್ಳುವವನಿಗೂ ಏಕಕಾಲದಲ್ಲಿ ಲಾಭವಾಗುವುದು ವ್ಯಾಪಾರದಲ್ಲಿ ಅಪರೂಪದ ಸಂಗತಿ. ಇಲ್ಲಿ ಗಮನಿಸತಕ್ಕ ಅಂಶವೆಂದರೆ, ಮೊಬೈಲು ಕೈಯಲ್ಲಿದ್ದುದು ಮಾತ್ರವಲ್ಲ. ಕಡಲಿನ ಮೇಲಿಂದಲೇ ನಾಲ್ಕು ಕಡೆ ಬೆಲೆ ವಿಚಾರಿಸಿ ಅವರು ದೋಣಿಯ ಮೂತಿಯನ್ನು ತಿರುಗಿಸಿದರು.

ಎರಡನೆಯದು ಮುಂಬಯಿಯ ಉತ್ತರಕ್ಕಿರುವ ತಾರಾಪುರ, ಉಂಬರಗಾಂವ್‌ಗಳ ನೇಯ್ಗೆಯ ಕಾರ್ಖಾನೆಗಳದ್ದು. 2008ರ ಸುಮಾರಿಗೆ ನಿಕೋಲಸ್ ಬ್ಲೂಮ್ ಮತ್ತು ಅವರ ಸಹೋದ್ಯೋಗಿಗಳು ಅಲ್ಲಿ ಕೆಲವು ಕಾರ್ಖಾನೆಗಳಿಗೆ ಸಲಹೆಗಾರರನ್ನು ಕಳುಹಿಸಿ, ಉಳಿದವುಗಳೊಡನೆ ಹೋಲಿಸಿ ನೋಡಿದರು. ಸಲಹೆಗಾರರು ಹೊಸ ಮಗ್ಗಗಳನ್ನೇನೂ ತಂದುಹಾಕಲಿಲ್ಲ. ಯಾವ ಮಗ್ಗ ಎಷ್ಟು ಹೊತ್ತು ನಿಂತಿತು, ಬಟ್ಟೆಯಲ್ಲಿ ಯಾವ ದೋಷ ಎಷ್ಟು ಸಾರಿ ಬಂತು, ಗೋದಾಮಿನಲ್ಲಿ ಯಾವ ನೂಲು ಎಷ್ಟಿದೆ ಎಂಬುದನ್ನು ದಿನದಿನವೂ ಬರೆಯುವುದು, ಬರೆದುದನ್ನು ದಿನದಿನವೂ ನಾಲ್ಕು ಜನ ಕುಳಿತು ನೋಡುವುದು, ನೋಡಿದ್ದಕ್ಕೆ ತಕ್ಕಂತೆ ಅಂದೇ ಏನಾದರೂ ಮಾಡುವುದು, ಇಷ್ಟನ್ನು ಅಭ್ಯಾಸ ಮಾಡಿಸಿದರು. ಮೊದಲ ವರ್ಷದಲ್ಲಿಯೇ ಉತ್ಪಾದಕತೆ ಶೇಕಡ 17ರಷ್ಟು ಏರಿತು. ದೋಷವೂ ಸಂಗ್ರಹವೂ ಇಳಿದುವು. ಈ ಅಭ್ಯಾಸ ನೆಲೆಸಿದ ಮೇಲೆ ಗಣಕದ ಬಳಕೆಯೂ ಹೆಚ್ಚಿತೆಂಬುದು ಆ ಅಧ್ಯಯನದ ಇನ್ನೊಂದು ಫಲಿತಾಂಶ. ಅಂದರೆ ಗಣಕವು ಆ ಅಭ್ಯಾಸದ ಬೆನ್ನ ಹಿಂದೆ ಬಂದಿತು.

ಆದಕಾರಣ ಯಂತ್ರ ಕೊಳ್ಳಬೇಕೆಂದಿರುವವರಿಗೆ ನನ್ನ ಮೊದಲ ಸೂಚನೆ, ಕೊಳ್ಳುವುದಕ್ಕೆ ಮುಂಚೆ ಏಳು ದಿನ ಒಂದು ನೋಟುಪುಸ್ತಕವನ್ನು ಇಟ್ಟುಕೊಳ್ಳಿರಿ ಎಂಬುದು. ಅದರಲ್ಲಿ ವ್ಯಾಪಾರವನ್ನು ಬರೆಯಬೇಡಿರಿ, ಸೋರಿಕೆಯನ್ನು ಬರೆಯಿರಿ. ಗಿರಾಕಿ ಕೇಳಿದ ಸರಕು ಇಲ್ಲದೆ ಹಿಂದಕ್ಕೆ ಹೋದದ್ದು, ಅವಧಿ ಮೀರಿ ಎಸೆದದ್ದು, ಬರೆಯಲು ಮರೆತು ಆಮೇಲೆ ನೆನಪಾದ ಉದ್ರಿ, ರಾತ್ರಿ ಗಲ್ಲಾ ಎಣಿಸುವಾಗ ಕೂಡದೆ ಹೋದ ಮೊತ್ತ, ಒಂದೇ ಲೆಕ್ಕವನ್ನು ಮೂರು ಸಾರಿ ಕೂಡಿದ ಹೊತ್ತು. ಏಳನೆಯ ದಿನ ನಿಮ್ಮ ಅಂಗಡಿ ಎಲ್ಲಿ ಸೋರುತ್ತಿದೆಯೆಂಬುದು ನಿಮಗೇ ಕಾಣುತ್ತದೆ. ಆ ಒಂದು ಸೋರಿಕೆಯನ್ನು ತಡೆಯುವ ಸಾಧನವನ್ನು ಮಾತ್ರ ಕೊಳ್ಳತಕ್ಕದ್ದು. ಮಾರುವವನು ತೋರಿಸುವ ಮಿಕ್ಕ ನಲವತ್ತು ಸೌಕರ್ಯಗಳಿಗೆ ಮನಸೋಲುವುದು ಸಲ್ಲದು.

ದಿನಸಿ ಅಂಗಡಿಗಳಲ್ಲಿ ಮೊದಲು ಕಾಣುವುದು ಸಾಮಾನ್ಯವಾಗಿ ಉದ್ರಿ. ಇದರ ಲೆಕ್ಕವನ್ನು ಒಮ್ಮೆ ಸಮಾಧಾನವಾಗಿ ಮಾಡಿ ನೋಡಬೇಕು. ನೂರು ರೂಪಾಯಿ ಮಾರಿದರೆ ಹತ್ತು ರೂಪಾಯಿ ಉಳಿಯುವ ಅಂಗಡಿಯಲ್ಲಿ ಸಾವಿರ ರೂಪಾಯಿ ಉದ್ರಿ ಮುಳುಗಿದರೆ, ವರ್ತಕನ ಕೈಯಿಂದ ಹೋದ ಅಸಲು ಒಂಬೈನೂರು. ಅದನ್ನು ತುಂಬಿಕೊಳ್ಳಲು ಅವನು ಇನ್ನೂ ಒಂಬತ್ತು ಸಾವಿರ ರೂಪಾಯಿಯ ಸರಕನ್ನು ತೂಗಿ, ಕಟ್ಟಿ, ಮಾರಬೇಕು. ಉದ್ರಿಯ ಲೆಕ್ಕವನ್ನು ಮೊಬೈಲಿನಲ್ಲಿ ಇಡಲು ಅನೇಕ ಸಾಧನಗಳು ಈಗ ದೊರೆಯುತ್ತವೆ; ಕೊಟ್ಟೊಡನೆಯೇ ಬರೆದರೆ ಗಿರಾಕಿಯ ಮೊಬೈಲಿಗೂ ಸಂದೇಶ ಹೋಗುವುದರಿಂದ ತಿಂಗಳ ಕೊನೆಯ “ನಾನು ಅಷ್ಟು ತೊಗೊಂಡಿಲ್ಲವಲ್ಲ” ಎಂಬ ವಾದಕ್ಕೆ ಎಡೆಯಿರುವುದಿಲ್ಲ. ಆದರೆ ಇಲ್ಲಿ ಒಂದು ವಿವೇಕ ಬೇಕು. ಬಾಕಿಯ ನೆನಪನ್ನು ಯಂತ್ರವೇ ದಿನವೂ ತಾನಾಗಿ ಕಳುಹಿಸುತ್ತಿರಲೆಂದು ಬಿಟ್ಟುಬಿಡುವುದು ಊರಿನ ವ್ಯಾಪಾರಕ್ಕೆ ಒಪ್ಪದು. ಇಪ್ಪತ್ತು ವರ್ಷ ನಿಮ್ಮಲ್ಲಿಯೇ ಅಕ್ಕಿ ಕೊಂಡ ಮನೆಯ ಯಜಮಾನನಿಗೆ ಮಗಳ ಮದುವೆಯ ದಿನ ಬಾಕಿಯ ಸಂದೇಶ ಹೋದರೆ ಆ ಮನೆಯವರು ಮತ್ತೆ ನಿಮ್ಮ ಮೆಟ್ಟಿಲು ಹತ್ತುವುದು ಕಷ್ಟ. ಬರೆಯುವುದು ಯಂತ್ರದ ಕೆಲಸ, ಕೇಳುವುದು ಮನುಷ್ಯನ ಕೆಲಸ.

ಇದಕ್ಕಿಂತ ದೊಡ್ಡದಾದ, ಆದರೆ ಕಣ್ಣಿಗೆ ಬೀಳದ ಸೋರಿಕೆ ದಾಸ್ತಾನಿನದು. ಸಣ್ಣ ವರ್ತಕನ ಬಂಡವಾಳವೆಲ್ಲ ಕಪಾಟಿನಲ್ಲಿ ಕುಳಿತಿರುತ್ತದೆ. ಅದು ಹಣವೆಂದು ಅವನಿಗೆ ತೋರುವುದಿಲ್ಲ, ಸರಕೆಂದು ತೋರುತ್ತದೆ. ತಿಂಗಳಿಗೆ 3 ಲಕ್ಷ ರೂಪಾಯಿಯ ವ್ಯಾಪಾರವಿರುವ, ಅದರಲ್ಲಿ ಸರಕಿನ ಅಸಲು 2 ಲಕ್ಷದ 70 ಸಾವಿರವಾಗಿರುವ ಒಂದು ಅಂಗಡಿಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಅಲ್ಲಿ ಒಂದೂವರೆ ತಿಂಗಳಿಗೆ ಸಾಕಾಗುವಷ್ಟು ಸರಕು ಸದಾ ಇದ್ದರೆ, ಕಪಾಟಿನಲ್ಲಿರುವ ಹಣ 4 ಲಕ್ಷದ 5 ಸಾವಿರ. ಯಾವ ಸರಕು ಎಷ್ಟು ದಿನಕ್ಕೆ ಖರ್ಚಾಗುತ್ತದೆಂಬುದು ಖಚಿತವಾಗಿ ತಿಳಿದು ಆ ದಾಸ್ತಾನನ್ನು ಒಂದು ತಿಂಗಳಿಗೆ ಇಳಿಸಿದರೆ 1 ಲಕ್ಷದ 35 ಸಾವಿರ ರೂಪಾಯಿ ಕೈಗೆ ಬರುತ್ತದೆ. ವರ್ಷಕ್ಕೆ ಶೇಕಡ 18ರ ಬಡ್ಡಿಯ ಸಾಲವಿದ್ದವನಿಗೆ ಅದರಿಂದ ವರ್ಷಕ್ಕೆ 24 ಸಾವಿರದ 300 ರೂಪಾಯಿ ಉಳಿತಾಯ. ಒಂದು ಸಾಧಾರಣ ಮೊಬೈಲಿಗೂ ಚೀಟಿ ಮುದ್ರಿಸುವ ಸಣ್ಣ ಯಂತ್ರಕ್ಕೂ ತೆರುವ ಬೆಲೆಯನ್ನು ಇದರೊಡನೆ ಹೋಲಿಸಿ ನೋಡಿದರೆ ಮಾವನವರ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತು. ಗಿರಾಕಿ ಬಂದಾಗ ಸರಕಿಲ್ಲದೆ ಹೋಗದಿರುವುದು, ಅವಧಿ ಮೀರದಿರುವುದು ಇವು ಈ ಲೆಕ್ಕದ ಮೇಲಿನ ಲಾಭ.

ಆದರೆ ದಾಸ್ತಾನಿನ ಲೆಕ್ಕವೇ ಅತ್ಯಂತ ಶ್ರಮದ್ದು. ಬಹುಮಂದಿ ಸೋಲುವುದು ಇಲ್ಲಿಯೇ. ಸಾಧಾರಣ ಕಿರಾಣಿ ಅಂಗಡಿಯಲ್ಲಿಯೂ ಸಾವಿರಕ್ಕೆ ಮೇಲ್ಪಟ್ಟು ಬಗೆಬಗೆಯ ಸರಕುಗಳಿರುವುದುಂಟು. ಅಷ್ಟನ್ನೂ ಒಂದು ವಾರದಲ್ಲಿ ಯಂತ್ರಕ್ಕೆ ಸೇರಿಸಲು ಹೊರಟವನು ಎರಡನೆಯ ದಿನವೇ ಬೇಸತ್ತು ಬಿಡುತ್ತಾನೆ. ಮೂಟೆಯಲ್ಲಿ ಬಂದು ಕಿಲೋದಲ್ಲಿ ಹೋಗುವ ಅಕ್ಕಿ, ಡಬ್ಬದಲ್ಲಿ ಬಂದು ಲೀಟರಿನಲ್ಲಿ ಹೋಗುವ ಎಣ್ಣೆ, ಪೆಟ್ಟಿಗೆಯಲ್ಲಿ ಬಂದು ಒಂದೊಂದಾಗಿ ಹೋಗುವ ಸಾಬೂನು, ಇವುಗಳ ಅಳತೆಯ ಪರಿವರ್ತನೆಯನ್ನು ಮೊದಲಿಗೇ ಸರಿಯಾಗಿ ಬರೆಯದಿದ್ದರೆ ಮೂರು ತಿಂಗಳಲ್ಲಿ ಯಂತ್ರದ ದಾಸ್ತಾನಿಗೂ ಕಪಾಟಿನ ದಾಸ್ತಾನಿಗೂ ಸಂಬಂಧವೇ ಇರುವುದಿಲ್ಲ. ನಾನು ಕಂಡ ಸುಲಭಮಾರ್ಗವೆಂದರೆ, ಹೆಚ್ಚು ಹಣ ಕಟ್ಟಿಹಾಕುವ ಐವತ್ತು ಸರಕುಗಳಿಂದ ಪ್ರಾರಂಭಿಸುವುದು. ಅವುಗಳನ್ನು ವಾರಕ್ಕೊಮ್ಮೆ, ಅಂಗಡಿ ಬಾಗಿಲು ತೆರೆಯುವುದಕ್ಕೆ ಮುಂಚೆ, ಕೈಯಿಂದ ಎಣಿಸಿ ಯಂತ್ರದ ಅಂಕಿಯೊಡನೆ ಹೋಲಿಸುವುದು. ಕೂಡದಿದ್ದರೆ ಯಂತ್ರವನ್ನು ಬೈಯದೆ ಕಾರಣ ಹುಡುಕುವುದು. ಕಾರಣ ಸಾಮಾನ್ಯವಾಗಿ ಮೂರರಲ್ಲೊಂದು: ಬಂದ ಸರಕನ್ನು ಬರೆದಿಲ್ಲ, ಮನೆಗೆ ಒಯ್ದದ್ದನ್ನು ಬರೆದಿಲ್ಲ, ಬಿಲ್ಲಿಲ್ಲದೆ ಕೊಟ್ಟದ್ದನ್ನು ಬರೆದಿಲ್ಲ. ಐವತ್ತು ಕೂಡಿದ ಮೇಲೆ ನೂರಕ್ಕೆ ಹೋಗಬಹುದು.

ಸರಕಿನ ಹೆಸರುಗಳನ್ನು ಕನ್ನಡದಲ್ಲಿ ಬರೆಯಿರಿ ಎಂದು ನಾನು ಒತ್ತಿ ಹೇಳುವುದಕ್ಕೆ ಭಾಷಾಭಿಮಾನವೊಂದೇ ಕಾರಣವಲ್ಲ. ತೊಗರಿಬೇಳೆಯನ್ನು ಒಬ್ಬ ಹುಡುಗ ಒಂದು ಬಗೆಯ ಇಂಗ್ಲಿಷ್ ಕಾಗುಣಿತದಲ್ಲಿಯೂ ಇನ್ನೊಬ್ಬ ಇನ್ನೊಂದು ಬಗೆಯಲ್ಲಿಯೂ ಬರೆದರೆ ಯಂತ್ರಕ್ಕೆ ಅವು ಎರಡು ಬೇಳೆಗಳಾಗುತ್ತವೆ. ಕೆ. ಪಿ. ರಾವ್ ಅವರಂಥವರು ದಶಕಗಳ ಹಿಂದೆಯೇ ಕನ್ನಡವನ್ನು ಗಣಕಕ್ಕೆ ಒಗ್ಗಿಸಿದ ಶ್ರಮದಿಂದಲೂ, ಈಗ ಎಲ್ಲ ಮೊಬೈಲುಗಳಲ್ಲಿಯೂ ಯುನಿಕೋಡ್ ಅಕ್ಷರಗಳಿರುವುದರಿಂದಲೂ ಇದು ಕಷ್ಟದ ಕೆಲಸವಾಗಿ ಉಳಿದಿಲ್ಲ. ಕೊಳ್ಳುವ ಮುನ್ನ ಮಾರುವವನ ಎದುರಿನಲ್ಲಿಯೇ ನಾಲ್ಕು ಸರಕಿನ ಹೆಸರನ್ನು ಕನ್ನಡದಲ್ಲಿ ಹಾಕಿಸಿ, ಚೀಟಿಯಲ್ಲಿ ಒತ್ತಕ್ಷರಗಳು ಸರಿಯಾಗಿ ಮೂಡುತ್ತವೆಯೇ ಎಂದು ಮುದ್ರಿಸಿ ನೋಡಬೇಕು.

ಲೆಕ್ಕದ ತಂತ್ರಾಂಶಗಳ ಮಾತು ಬಂದಾಗ ಒಂದು ಸಂಗತಿಯನ್ನು ನೆನೆಯುವುದು ಉಚಿತ. ಈಗ ದೇಶದ ಊರೂರುಗಳ ಲೆಕ್ಕಿಗರ ನಾಲಿಗೆಯ ಮೇಲಿರುವ ಟ್ಯಾಲಿ ಹುಟ್ಟಿದ್ದು 1986ರಲ್ಲಿ, ಬೆಂಗಳೂರಿನಲ್ಲಿ. ಕಾರ್ಖಾನೆಗಳಿಗೂ ಬಟ್ಟೆಯ ಗಿರಣಿಗಳಿಗೂ ಸಾಮಾನು ಒದಗಿಸುವ ವ್ಯಾಪಾರದಲ್ಲಿದ್ದ ಶ್ಯಾಮ್ ಸುಂದರ್ ಗೋಯೆಂಕಾ ಅವರು ತಮ್ಮ ಲೆಕ್ಕಕ್ಕೆ ಹೊಂದುವ ತಂತ್ರಾಂಶ ಎಲ್ಲಿಯೂ ಸಿಕ್ಕದೆ ಮಗ ಭರತ್ ಗೋಯೆಂಕಾ ಅವರಿಗೆ ಅದನ್ನು ರಚಿಸಿಕೊಡುವಂತೆ ಹೇಳಿದರು. ತಂದೆಯ ಅಂಗಡಿಯ ಕೊರತೆಯಿಂದ ಹುಟ್ಟಿದುದರಿಂದಲೇ ಅದು ವರ್ತಕರಿಗೆ ಒಗ್ಗಿತೆಂದು ನಾನು ನಂಬಿದ್ದೇನೆ. ಆದರೆ ಎಲ್ಲರಿಗೂ ಅಷ್ಟು ದೊಡ್ಡ ಸಾಧನ ಬೇಕಿಲ್ಲ. ಹೂವು ಮಾರುವಾಕೆಗೆ ನೋಟುಪುಸ್ತಕ ಸಾಕು, ಹತ್ತು ಗಿರಾಕಿಗಳಿರುವ ದರ್ಜಿಗೆ ಗೋಡೆಯ ಕ್ಯಾಲೆಂಡರು ಸಾಕು; ಹಾಗೆಂದು ಹೇಳಲು ಸಂಕೋಚಪಡಬೇಕಾಗಿಲ್ಲ.

ಇನ್ನು ಹಣ ಪಡೆಯುವ ವಿಚಾರ. ರಾಷ್ಟ್ರೀಯ ಪಾವತಿ ನಿಗಮವು 2016ರಲ್ಲಿ ತಂದ ಯುಪಿಐ, ಅದೇ ವರ್ಷದ ನವೆಂಬರ್ 8ರ ನೋಟು ರದ್ದತಿಯ ಬಳಿಕ ಬಂದ ವರ್ಷಗಳಲ್ಲಿ, ನಮ್ಮ ಸಂತೆಗಳಲ್ಲಿಯೂ ನೆಲೆಯೂರಿತು. 2020ರ ಜನವರಿ 1ರಿಂದ ವರ್ತಕರಿಗೆ ಇದರ ಮೇಲೆ ಬ್ಯಾಂಕಿನ ಶುಲ್ಕವಿಲ್ಲದಿರುವುದೂ, ಚಿಲ್ಲರೆಯ ತಾಪತ್ರಯ ತಪ್ಪಿದುದೂ ಅದರ ಪ್ರಸಾರಕ್ಕೆ ಕಾರಣವಾದುವು. ಆದರೆ ಯುಪಿಐಯಿಂದ ಬಂದ ಹಣ ಗಲ್ಲಾಕ್ಕೆ ಬಿದ್ದ ಹಣದಂತಲ್ಲ. ಪ್ರತಿಯೊಂದು ರೂಪಾಯಿಗೂ ಲಿಖಿತ ಸಾಕ್ಷಿಯಿರುತ್ತದೆ. ಈ ತಿಳಿವಳಿಕೆ ಸಣ್ಣ ವ್ಯಾಪಾರಿಗಳಿಗೆ ಬಂದದ್ದು ಕಷ್ಟದ ದಾರಿಯಲ್ಲಿ. 2025ರ ಜುಲೈನಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಸಂದಾಯದ ಮೊತ್ತವನ್ನು ನೋಡಿ ಸಾವಿರಾರು ಮಂದಿಗೆ ನೋಟಿಸು ಕಳುಹಿಸಿದಾಗ ಬೆಂಗಳೂರಿನ ಎಷ್ಟೋ ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿಗಳವರು ಕ್ಯೂಆರ್ ಚೀಟಿಯನ್ನು ಕಿತ್ತು ನಗದು ಮಾತ್ರವೆಂಬ ಫಲಕ ಹಾಕಿದರು. ಸರ್ಕಾರವು ವರ್ತಕರೊಡನೆ ಮಾತುಕತೆ ನಡೆಸಿ, ಹಳೆಯ ಬಾಕಿಯನ್ನು ಕೈಬಿಡುವುದಾಗಿಯೂ ಮುಂದೆ ನೋಂದಣಿ ಮಾಡಿಸಬೇಕೆಂದೂ ತಿಳಿಸಿದ ಮೇಲೆ ಗದ್ದಲ ತಗ್ಗಿತು.

ಆ ಗದ್ದಲದಲ್ಲಿ ಅನೇಕರಿಗೆ ತಿಳಿಯದೆ ಹೋದ ನಿಯಮವನ್ನು ಇಲ್ಲಿ ಸ್ಪಷ್ಟವಾಗಿ ಬರೆಯುತ್ತೇನೆ. ಕರ್ನಾಟಕದಲ್ಲಿ ಸರಕು ಮಾತ್ರ ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ಮೀರಿದರೆ, ಸೇವೆ ಒದಗಿಸುವವರದು 20 ಲಕ್ಷ ಮೀರಿದರೆ, ಜಿಎಸ್‌ಟಿ ನೋಂದಣಿ ಕಡ್ಡಾಯ. ಈ ಮಿತಿ ನಗದಿಗೂ ಯುಪಿಐಗೂ ಒಂದೇ, ಆದ್ದರಿಂದ ಕ್ಯೂಆರ್ ಚೀಟಿ ಕಿತ್ತುಹಾಕುವುದರಿಂದ ಹೊಣೆ ಇಳಿಯುವುದಿಲ್ಲ. ತಾಜಾ ಹಾಲು, ತರಕಾರಿ, ಹಣ್ಣುಗಳಂಥ ತೆರಿಗೆಯಿಲ್ಲದ ಪದಾರ್ಥಗಳನ್ನು ಮಾತ್ರವೇ ಮಾರುವವರಿಗೆ ವಹಿವಾಟು ಎಷ್ಟಿದ್ದರೂ ನೋಂದಣಿ ಬೇಕಿಲ್ಲ. ಆದರೆ ಹಾಲಿನ ಜೊತೆಗೆ ಬಿಸ್ಕತ್ತನ್ನೂ ಮಾರುವ ಅಂಗಡಿಯವನು 40 ಲಕ್ಷದ ಲೆಕ್ಕಕ್ಕೆ ಹಾಲಿನ ವ್ಯಾಪಾರವನ್ನೂ ಸೇರಿಸಬೇಕು. ವಹಿವಾಟು ಒಂದೂವರೆ ಕೋಟಿಯೊಳಗಿರುವ ವರ್ತಕರು ರಾಜಿ ತೆರಿಗೆಯ ಪದ್ಧತಿಯನ್ನು ಆರಿಸಿಕೊಂಡು ಶೇಕಡ 1ರಷ್ಟು, ಹೋಟೆಲಿನವರು ಶೇಕಡ 5ರಷ್ಟು ತೆತ್ತು ಸರಳವಾಗಿ ಮುಗಿಸಬಹುದು. ಅವರು ಆ ತೆರಿಗೆಯನ್ನು ಗಿರಾಕಿಯಿಂದ ಬಿಲ್ಲಿನಲ್ಲಿ ವಸೂಲು ಮಾಡುವಂತಿಲ್ಲ, ಖರೀದಿಯ ಮೇಲಿನ ತೆರಿಗೆಯನ್ನು ಕಳೆದುಕೊಳ್ಳುವಂತೆಯೂ ಇಲ್ಲ. ಇವೆಲ್ಲಕ್ಕಿಂತ ಮೊದಲು ಮಾಡತಕ್ಕ ಕೆಲಸ, ಅಂಗಡಿಗೆ ಪ್ರತ್ಯೇಕವಾದ ಬ್ಯಾಂಕ್ ಖಾತೆ ತೆರೆದು ಅದರ ಕ್ಯೂಆರ್ ಚೀಟಿಯನ್ನು ಮಾತ್ರ ಹಚ್ಚುವುದು. ಭಾವಮೈದುನ ಹಿಂದಿರುಗಿಸಿದ ಕೈಸಾಲವೂ, ಚೀಟಿ ವ್ಯವಹಾರದ ಹಣವೂ, ಮಗನು ಊರಿನಿಂದ ಕಳಿಸಿದ ಹಣವೂ ಅಂಗಡಿಯ ಖಾತೆಯಲ್ಲಿ ಬಿದ್ದಿದ್ದರೆ, ಅವು ವ್ಯಾಪಾರವಲ್ಲವೆಂದು ವರ್ಷಗಳ ಮೇಲೆ ರುಜುವಾತು ಮಾಡುವ ಭಾರ ವರ್ತಕನದೇ ಆಗುತ್ತದೆ.

ಲಿಖಿತ ಸಾಕ್ಷಿಗೆ ಅನುಕೂಲದ ಮುಖವೂ ಉಂಟು. ಆದಾಯ ತೆರಿಗೆಯಲ್ಲಿ ಸಣ್ಣ ವ್ಯಾಪಾರಿಗಳಿಗಿರುವ ಅಂದಾಜು ಲಾಭದ ಪದ್ಧತಿಯಲ್ಲಿ ನಗದಾಗಿ ಬಂದ ವಹಿವಾಟಿನ ಮೇಲೆ ಶೇಕಡ 8ನ್ನು ಲಾಭವೆಂದು ತೋರಿಸಬೇಕಾದರೆ, ಬ್ಯಾಂಕಿನ ಮೂಲಕ ಬಂದುದರ ಮೇಲೆ ಶೇಕಡ 6 ಸಾಕು. 60 ಲಕ್ಷದ ವಹಿವಾಟಿನಲ್ಲಿ ಇದು 4 ಲಕ್ಷದ 80 ಸಾವಿರಕ್ಕೂ 3 ಲಕ್ಷದ 60 ಸಾವಿರಕ್ಕೂ ಇರುವ ಅಂತರ. ಸಾಲ ಕೇಳಲು ಬ್ಯಾಂಕಿಗೆ ಹೋದಾಗಲೂ ಖಾತೆಯ ಎರಡು ವರ್ಷದ ನಡೆಯು ಆಡುವ ಮಾತು ವರ್ತಕನ ಮಾತಿಗಿಂತ ಬಲವಾದುದು. ಜಿಎಸ್‌ಟಿಯ ಸಾಮಾನ್ಯ ಪದ್ಧತಿಯಲ್ಲಿರುವವರು ಇನ್ನೊಂದನ್ನು ಮರೆಯಕೂಡದು: ನಿಮಗೆ ಸರಕು ಕೊಟ್ಟವನು ತನ್ನ ಬಿಲ್ಲನ್ನು ಜಾಲತಾಣಕ್ಕೆ ಏರಿಸದಿದ್ದರೆ, ನೀವು ಅವನಿಗೆ ತೆತ್ತ ತೆರಿಗೆಯ ಮೇಲಿನ ಜಮೆ 2022ರ ಜನವರಿ 1ರಿಂದ ನಿಮಗೆ ದೊರೆಯುವುದಿಲ್ಲ. 50 ಸಾವಿರದ ಖರೀದಿಯ ಮೇಲೆ ಶೇಕಡ 18ರಂತೆ ತೆತ್ತ 9 ಸಾವಿರ ಹೀಗೆ ಸದ್ದಿಲ್ಲದೆ ಹೋಗುತ್ತದೆ. ಪ್ರತಿ ತಿಂಗಳ 14ನೆಯ ತಾರೀಖು ಸಿದ್ಧವಾಗುವ ಜಿಎಸ್‌ಟಿಆರ್-2ಬಿ ಎಂಬ ಪಟ್ಟಿಯನ್ನು ನಿಮ್ಮ ಖರೀದಿಯ ಬಿಲ್ಲುಗಳೊಡನೆ ಹೋಲಿಸಿ, ಕಾಣದ ಬಿಲ್ಲಿನವನಿಗೆ ಅಂದೇ ಫೋನು ಮಾಡುವುದು, ಗಣಕವಿರುವವನಿಗೆ ಒಂದು ಗಂಟೆಯ ಕೆಲಸ.

ಆನ್‌ಲೈನ್ ಮಾರಾಟದ ವೇದಿಕೆಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಸಂಕ್ಷಿಪ್ತವಾದುದು. ಚನ್ನಪಟ್ಟಣದ ಗೊಂಬೆ, ಇಳಕಲ್ಲಿನ ಸೀರೆಗಳಂಥ ದೂರದ ಗಿರಾಕಿಯುಳ್ಳ ಸರಕಿಗೆ ಅವು ನಿಶ್ಚಯವಾಗಿ ಹೊಸ ಬಾಗಿಲು. ಬೀದಿಯ ಗಿರಾಕಿಯೇ ಆಧಾರವಾಗಿರುವ ಅಂಗಡಿಯವರು ಮಾತ್ರ, ಕಮಿಷನ್ನು, ಕಟ್ಟುವ ಸಾಮಗ್ರಿ, ಹಿಂದಿರುಗಿ ಬಂದ ಸರಕು ಇವನ್ನೆಲ್ಲ ಕಳೆದು ಒಂದು ಬಿಲ್ಲಿಗೆ ಉಳಿಯುವುದೆಷ್ಟೆಂದು ಬರೆದು ನೋಡಿದ ಹೊರತು ಮುಂದುವರಿಯಬಾರದು.

ಮೋಸದ ವಿಚಾರದಲ್ಲಿ ಎಚ್ಚರ ಅತ್ಯಗತ್ಯ. ಹಣ ಪಡೆಯುವುದಕ್ಕೆ ಪಿನ್ ಒತ್ತುವ ಅಗತ್ಯ ಎಂದೂ ಬರುವುದಿಲ್ಲ. ಒತ್ತಿರೆಂದು ಹೇಳುವವನು ನಿಮ್ಮ ಹಣವನ್ನು ಎಳೆದುಕೊಳ್ಳಲು ಬಂದವನು. ಗಿರಾಕಿ ತೋರಿಸುವ ಪರದೆಯ ಚಿತ್ರವನ್ನು ನಂಬದೆ ನಿಮ್ಮ ಖಾತೆಯ ಸಂದೇಶವನ್ನೋ, ದನಿಪೆಟ್ಟಿಗೆಯ ಘೋಷಣೆಯನ್ನೋ ಕೇಳಿದ ಮೇಲೆಯೇ ಸರಕು ಕೈಬಿಡಬೇಕು. ನಿಮ್ಮ ಕ್ಯೂಆರ್ ಚೀಟಿಯ ಮೇಲೆ ಬೇರೊಬ್ಬರು ತಮ್ಮ ಚೀಟಿ ಅಂಟಿಸಿರುವುದುಂಟು, ಆದ್ದರಿಂದ ಬೆಳಗ್ಗೆ ಬಾಗಿಲು ತೆರೆದೊಡನೆ ಮನೆಯವರಿಂದ ಒಂದು ರೂಪಾಯಿ ಹಾಕಿಸಿ ನೋಡುವುದು ಒಳ್ಳೆಯ ಅಭ್ಯಾಸ. ಹಣ ಹೋದುದು ತಿಳಿದ ಗಳಿಗೆಯಲ್ಲಿಯೇ ಸೈಬರ್ ವಂಚನೆಯ ಸಹಾಯವಾಣಿಯಾದ 1930ಕ್ಕೆ ಕರೆ ಮಾಡಬೇಕು. ಇಲ್ಲಿ ನಾಳೆಯೆಂದರೆ ಹಣ ಕೈಬದಲಾಗಿ ಹೋಗಿರುತ್ತದೆ.

ಮೋಸವಲ್ಲದ ನಷ್ಟವೂ ಒಂದಿದೆ. ಅದನ್ನು ನಮ್ಮ ಮಾವನವರೇ ಅನುಭವಿಸಿದರು. ಮೊದಲ ಸಾರಿ ತಂತ್ರಾಂಶ ಮಾರಿದವರು ಎರಡನೆಯ ವರ್ಷ ವ್ಯವಹಾರ ಮುಚ್ಚಿಕೊಂಡು ಹೋದರು. ಒಂದು ವರ್ಷದ ಲೆಕ್ಕ ಅದರೊಳಗೇ ಉಳಿಯಿತು. ತೆಗೆಯುವ ದಾರಿ ಯಾರಿಗೂ ತಿಳಿಯಲಿಲ್ಲ. ಆದ್ದರಿಂದ ಹಣ ಕೊಡುವ ಮುಂಚೆ ಕೇಳತಕ್ಕ ಪ್ರಶ್ನೆ ಇದು: ನನ್ನ ಲೆಕ್ಕವನ್ನೆಲ್ಲ ನಾನು ಬೇಕೆಂದಾಗ, ನಿಮ್ಮ ಸಹಾಯವಿಲ್ಲದೆ, ಬೇರೆ ಕಡೆಯೂ ತೆರೆಯಬಹುದಾದ ಎಕ್ಸೆಲ್ ಪಟ್ಟಿಯಾಗಿ ಹೊರತೆಗೆಯಬಹುದೇ? ಮಾತಿನಲ್ಲಿ ಹೌದೆಂದರೆ ಸಾಲದು, ತೆಗೆದು ತೋರಿಸಬೇಕು. ಹಾಗೆ ತೆಗೆದ ಪ್ರತಿಯೊಂದನ್ನು ವಾರಕ್ಕೊಮ್ಮೆ ಅಂಗಡಿಯ ಹೊರಗೆ, ಮನೆಯಲ್ಲಿ, ಇಡಬೇಕು.

ಕೆಲಸದ ಹುಡುಗರ ಮನಸ್ಸನ್ನೂ ನೋಡಬೇಕು. ತಮ್ಮನ್ನು ಕಾವಲು ಕಾಯಲು ಯಂತ್ರ ಬಂದಿತೆಂದು ಅವರಿಗೆ ತೋರಿದರೆ ಅದು ಎಂದಿಗೂ ಸರಿಯಾಗಿ ನಡೆಯುವುದಿಲ್ಲ. ಅವರಲ್ಲೊಬ್ಬನಿಗೆ ಮೊದಲು ಕಲಿಸಿ, ಕಲಿತದ್ದಕ್ಕೆ ಸಂಬಳದಲ್ಲಿ ಸ್ವಲ್ಪ ಹೆಚ್ಚಿಸಿ, ಉಳಿದವರಿಗೆ ಅವನಿಂದ ಕಲಿಸಿದರೆ ಯಂತ್ರ ಅವರದಾಗುತ್ತದೆ. ಮೊದಲ ಮೂರು ತಿಂಗಳು ಪುಸ್ತಕವೂ ಯಂತ್ರವೂ ಎರಡೂ ನಡೆಯಬೇಕಾದುದರಿಂದ ಶ್ರಮ ಹೆಚ್ಚುತ್ತದೆ, ವ್ಯಾಪಾರ ನಿಧಾನವಾಗುತ್ತದೆ. ಇದು ಮುಂಚೆಯೇ ತಿಳಿದಿದ್ದರೆ ನಡುದಾರಿಯಲ್ಲಿ ಕೈಬಿಡುವ ಪ್ರಸಂಗ ಬರುವುದಿಲ್ಲ. ಪ್ರಯೋಜನವಾಯಿತೋ ಇಲ್ಲವೋ ಎಂದು ಅಳೆಯಲು ಪ್ರಾರಂಭದ ದಿನವೇ ಮೂರು ಅಂಕಿಗಳನ್ನು ಬರೆದಿಡಿರಿ: ಒಟ್ಟು ಉದ್ರಿ, ದಾಸ್ತಾನಿನ ಅಸಲು, ತಿಂಗಳ ಒಟ್ಟು ಲಾಭ. ಆರು ತಿಂಗಳಾದ ಮೇಲೆ ಅವೇ ಮೂರನ್ನು ಪಕ್ಕದಲ್ಲಿ ಬರೆಯಿರಿ. ಪ್ರಾರಂಭಕ್ಕೆ ಏಪ್ರಿಲ್ 1 ಅನುಕೂಲ, ಏಕೆಂದರೆ ತೆರಿಗೆಯ ವರ್ಷವೂ ಅಂದೇ ಮೊದಲಾಗುತ್ತದೆ. ಮಾರ್ಚ್ ಕೊನೆಯ ದಾಸ್ತಾನಿನ ಎಣಿಕೆ ಹೊಸ ಲೆಕ್ಕಕ್ಕೆ ತಳಹದಿಯಾಗುತ್ತದೆ.

ಮಾವನವರು ಆ ಎಣಿಕೆಗೆ ನನ್ನನ್ನೂ ಕರೆದಿದ್ದರು. ಬಿ.ಕಾಂ. ಓದಿದ ಸೊಸೆ ಬರೆದುಕೊಳ್ಳುತ್ತಿದ್ದಳು, ಹುಡುಗರು ಎಣಿಸಿ ಕೂಗುತ್ತಿದ್ದರು, ಮಾವನವರು ಏಣಿಯ ಬುಡದಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಮೇಲಿನ ಅಟ್ಟದಿಂದ ಅವಧಿ ಮೀರಿದ ಶಾವಿಗೆಯ ಪೊಟ್ಟಣಗಳು ಎರಡು ರಟ್ಟಿನ ಪೆಟ್ಟಿಗೆಗಳ ತುಂಬ ಇಳಿದುವು. ಅವು ಅಲ್ಲಿದ್ದುದು ಯಾರಿಗೂ ನೆನಪಿರಲಿಲ್ಲ. “ಇದೆಷ್ಟಾಯಿತಮ್ಮಾ?” ಎಂದು ಅವರು ಕೇಳಿದರು. ಸೊಸೆ ಹೇಳಿದ ಮೊತ್ತ ಚೀಟಿಯ ಯಂತ್ರದ ಬೆಲೆಗಿಂತ ಸ್ವಲ್ಪ ಹೆಚ್ಚಿತ್ತು. ಮಾವನವರು ಏನೂ ಮಾತಾಡದೆ ಅದನ್ನು ತಮ್ಮ ಖಿರ್ದಿಯಲ್ಲಿ ಬರೆದುಕೊಂಡರು. ಆ ಖಿರ್ದಿಯನ್ನು ಅವರು ಈಗಲೂ ಬಿಟ್ಟಿಲ್ಲ. ಪ್ರತಿರಾತ್ರಿ ಗಲ್ಲಾದ ಹಣವನ್ನು ತಮ್ಮ ಕೈಯಿಂದಲೇ ಎಣಿಸಿ ಒಂದು ಸಾಲು ಬರೆಯುತ್ತಾರೆ; ಸೊಸೆ ಯಂತ್ರದಲ್ಲಿರುವ ಆ ದಿನದ ಶಿಲ್ಕನ್ನು ಓದಿ ಹೇಳುತ್ತಾಳೆ; ಎರಡೂ ಕೂಡಿದ ಮೇಲೆ ದೀಪ ಆರಿಸಿ ಬಾಗಿಲು ಹಾಕುತ್ತಾರೆ.